‘ಹೇಜಲ್’ ಗಿಡದ ಹೆಸರು, ಅದರ ಕವೆಗೋಲು: ಒಂದು ಪದವಿಚಾರ

ಮಾನ್ಯರೇ,

ಯುರೋಪಿನ ಗಿಡಮೂಲಿಕೆಗಳನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಬರುವ ಹೇಜಲ್ ಎಂಬ ಪೊದೆಗಿಡದ ಹೆಸರಿನ ಬಗ್ಗೆ, ಮುಖ್ಯವಾಗಿ ಅದರ ಕವಲು ಕಡ್ಡಿ ಹಿಡಿದು ನೀರು ಹುಡುಕುವ ಕೆಲಸಕ್ಕೆ ಬೇಕಾದ ಪದಗಳ ಬಗ್ಗೆ, ತಮ್ಮ ಅಭಿಪ್ರಾಯ ಬೇಕಾಗಿದೆ. ಚಾಕೊಲೇಟಿಗೆ ಸೇರಿಸುವ ಹೇಜಲ್‌ನಟ್ ಈ ಗಿಡದ್ದೇ. ‘ಕಾಡುಬಾದಾಮಿ’ ಎನ್ನಬಹುದಲ್ಲ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಆದರೆ ನಮ್ಮ ಚಿಂತಾಮಣಿಯ ಕಡೆ ಆ ಹೆಸರು ಕೇಳಿದವರಿಗೆ ರಸ್ತೆಬದಿಯ ಅಗಲ ಎಲೆಯ ಮರ ನೆನಪಾಗುತ್ತದೆಯೇ ಹೊರತು ಬೇರೇನೂ ಅಲ್ಲ. ಆದ್ದರಿಂದ ತಿನ್ನುವ ಬೀಜಕ್ಕೆ ‘ಹೇಜಲ್ ಬೀಜ’ ಎಂದೇ ಉಳಿಸಿಕೊಂಡಿದ್ದೇನೆ.

ಹೆಸರಿನ ಮೂಲ ಹುಡುಕುವಾಗ ಅಚ್ಚರಿಯ ಸಂಗತಿಯೊಂದು ಕಂಡಿತು. ಗ್ರೀಕರು ಈ ಕಾಯಿಯನ್ನು ಕಪ್ಪುಸಮುದ್ರದ ದಡದ ಪೊಂಟಸ್ ಸೀಮೆಯ ಹೆಸರಿನಿಂದ ಕರೆದರು. ಅದು ಅರಬ್ಬಿಯಲ್ಲಿ ‘ಬುಂದುಕ್’ ಆಯಿತು, ತುರ್ಕಿಯಲ್ಲಿ ‘ಫಿಂದಿಕ್’ ಆಯಿತು. ಕಾಯಿಯ ಹಾಗೆ ದುಂಡಗಿರುವ ಗುಂಡುಗಳಿಗೂ ಅದೇ ಹೆಸರು ಬಂದು, ಮುಂದೆ ಗುಂಡು ಹಾರಿಸುವ ಆಯುಧಕ್ಕೂ ಅಂಟಿಕೊಂಡಿತು. ನಮ್ಮ ‘ಬಂದೂಕು’ ಆ ದಾರಿಯಲ್ಲೇ ಬಂದ ಪದ. ಗಿಡವನ್ನು ಎಂದೂ ಕಾಣದ ನಮ್ಮ ನುಡಿಯೊಳಗೆ ಅದರ ಹೆಸರು ಇಷ್ಟು ಕಾಲದಿಂದ ಕುಳಿತಿದೆ ಎಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು. ಇಂದಿಗೂ ಜಗತ್ತಿನ ಹೇಜಲ್ ಬೆಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ತುರ್ಕಿಯಿಂದ, ಮುಖ್ಯವಾಗಿ ಅದೇ ಕಪ್ಪುಸಮುದ್ರದ ದಡದಿಂದ.

ಔಷಧಿಯ ಭಾಗದಲ್ಲಿ ತೊಡಕು ಬೇರೆ. ಅಲ್ಲಿ ಬರುವ ‘ವಿಚ್ ಹೇಜಲ್’ ಉತ್ತರ ಅಮೆರಿಕದ ಬೇರೆಯೇ ಕುಲದ ಗಿಡ. ಅದರ ತೊಗಟೆ ಮತ್ತು ಎಲೆಯ ರಸ ಒಗರಾದ್ದರಿಂದ ಚರ್ಮದ ಉರಿಗೂ ಮೂಲವ್ಯಾಧಿಗೂ ಹಚ್ಚುತ್ತಾರೆ. ಇದನ್ನು ‘ಮಾಟಗಾತಿ ಗಿಡ’ ಎಂದು ಅನುವಾದಿಸುವುದು ತಪ್ಪು. ಇಲ್ಲಿನ ‘ವಿಚ್’ ಹಳೆಯ ಇಂಗ್ಲಿಷಿನಲ್ಲಿ ಬಾಗುವ, ಬಳುಕುವ ಎಂಬ ಅರ್ಥದ ಪದದಿಂದ ಬಂದದ್ದು; ಮಾಟಕ್ಕೂ ಅದಕ್ಕೂ ಸಂಬಂಧವಿಲ್ಲ.

ನನ್ನ ಮುಖ್ಯ ಪ್ರಶ್ನೆ ಜಾನಪದದ ಭಾಗದ್ದು. ಐರ್ಲೆಂಡಿನ ಕಥೆಯಲ್ಲಿ ಜ್ಞಾನದ ಬಾವಿಯ ಸುತ್ತ ಒಂಬತ್ತು ಹೇಜಲ್ ಗಿಡಗಳಿದ್ದು, ನೀರಿಗೆ ಉದುರಿದ ಕಾಯಿ ತಿಂದ ಮೀನು ಸರ್ವಜ್ಞವಾಗುತ್ತದೆ. ಯುರೋಪಿನಲ್ಲಿ ಕವಲೊಡೆದ ಹೇಜಲ್ ಕಡ್ಡಿ ಹಿಡಿದು ಅದಿರನ್ನೂ ನೀರನ್ನೂ ಹುಡುಕುತ್ತಿದ್ದರು. 1556ರಲ್ಲಿ ಅಚ್ಚಾದ, ಜರ್ಮನಿಯ ವಿದ್ವಾಂಸ ಅಗ್ರಿಕೋಲಾನ ಗಣಿಗ್ರಂಥ ಈ ಪದ್ಧತಿಯನ್ನು ವಿವರಿಸಿ, ಬಲ್ಲ ಗಣಿಗಾರನಿಗೆ ಇದು ಬೇಕಿಲ್ಲವೆಂದೂ ಹೇಳುತ್ತದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಕೋಲಾರ, ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಈಗಲೂ ಬೇವಿನ ಕವಲು ಕಡ್ಡಿಯನ್ನೋ ಅಂಗೈಮೇಲೆ ತೆಂಗಿನಕಾಯಿಯನ್ನೋ ಹಿಡಿದು ಬೋರ್‌ವೆಲ್ ಪಾಯಿಂಟ್ ಮಾಡುವವರಿದ್ದಾರೆ. ಭೂವಿಜ್ಞಾನ ಇದನ್ನು ಒಪ್ಪುವುದಿಲ್ಲ; ಆದರೆ ಸಾಲ ಮಾಡಿ ಕೊರೆಸುವ ರೈತನಿಗೆ ಆ ಕಡ್ಡಿ ಬಾಗುವ ಗಳಿಗೆ ಎಂಥದ್ದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈ ಭಾಗಕ್ಕೆ ಪುಸ್ತಕದ ಪದಕ್ಕಿಂತ ಹೊಲದ ಪದವೇ ಬೇಕೆನಿಸುತ್ತದೆ.

ಸದ್ಯಕ್ಕೆ ಕಡ್ಡಿಗೆ ‘ಕವೆಗೋಲು’ ಎಂದೂ ಕೆಲಸಕ್ಕೆ ‘ನೀರು ನೋಡುವುದು’ ಎಂದೂ ಬರೆದಿದ್ದೇನೆ. ಮಾಲೂರು, ಮುಳಬಾಗಿಲು, ಬಾಗೇಪಲ್ಲಿಯ ಕಡೆಯವರು ಈ ಕಡ್ಡಿಗೆ ಏನೆನ್ನುತ್ತಾರೆ? ಕವಲು ಎಂಬ ಅರ್ಥದ ತೆಲುಗಿನ ‘ಪಂಗ’ ಅಲ್ಲಿನ ಕನ್ನಡದಲ್ಲಿಯೂ ಬಳಕೆಯಲ್ಲಿದೆಯೇ? ನೀರು ನೋಡುವವರಿಗೆ ತುಮಕೂರಿನ ಪಾವಗಡ, ಮಧುಗಿರಿಯ ಹಿರಿಯರ ಬಾಯಲ್ಲಿ ಬೇರೆ ಹೆಸರಿದ್ದರೆ, ಆ ಪದ ಬರುವ ಒಂದೆರಡು ವಾಕ್ಯಗಳೊಡನೆ ತಿಳಿಸಬೇಕೆಂದು ಕೋರುತ್ತೇನೆ.