ಹೋಸ್ಟ್‌ನಲ್ಲಿ ಬದಲಿಸಿದ ನೆಟ್‌ವರ್ಕ್ ಸೆಟ್ಟಿಂಗ್ ಕಂಟೇನರ್‌ಗೆ ಯಾಕೆ ತಾಕ್ತಿಲ್ಲ? ಬಲ್ಲವರು ಹೇಳಿ

ಪ್ರಶ್ನೆ – ಮಂಡ್ಯ

ಹಾಲಿನ ಸೊಸೈಟಿಗಳ ಲೆಕ್ಕ ತಗೊಳ್ಳೋ ಸರ್ವರ್ ಡಾಕರ್ ಕಂಟೇನರ್‌ನಲ್ಲಿ (ಪ್ರೋಗ್ರಾಂನ ಬೇರೆಯಾಗಿ ಕಟ್ಟಿ ಓಡಿಸೋ ವ್ಯವಸ್ಥೆ) ಓಡ್ತಿದೆ. ಬೆಳಿಗ್ಗೆ ಹಾಲು ಹಾಕೋ ಹೊತ್ತಿಗೆ ಎಲ್ಲಾ ಊರಿನ ಮೆಷಿನ್‌ಗಳೂ ಒಟ್ಟಿಗೆ ಕನೆಕ್ಟ್ ಆಗಿ, ಕೆಲವು ಟೈಮ್‌ಔಟ್ ಆಗ್ತವೆ. ಹೋಸ್ಟ್‌ನಲ್ಲಿ (ಕಂಟೇನರ್ ಓಡ್ತಿರೋ ಯಂತ್ರ) ನೆಟ್.ಕೋರ್.ಸೋಮ್ಯಾಕ್ಸ್‌ಕಾನ್, ಅಂದರೆ ಕಾಯೋ ಕನೆಕ್ಷನ್‌ಗಳ ಸರದಿಯ ಮಿತಿ, 8192 ಮಾಡಿದ್ದೀವಿ, ಕಂಟೇನರ್ ಒಳಗೆ ನೋಡಿದರೆ ಇನ್ನೂ 128. ಒಳಗಿಂದ ಬದಲಿಸೋಕೆ ಹೋದರೆ ‘ರೀಡ್ ಓನ್ಲಿ’ ಅನ್ನುತ್ತೆ. ಕರ್ನಲ್ (ಲಿನಕ್ಸ್‌ನ ತಿರುಳು) 4.15. ಕಂಟೇನರ್‌ಗೆ ಪ್ರಿವಿಲೆಜ್ಡ್ (ಹೋಸ್ಟ್ ಮೇಲೆ ಪೂರ್ತಿ ಅಧಿಕಾರ) ಕೊಟ್ಟುಬಿಡೋದಾ?

ಉತ್ತರ – ಕುವೆಂಪುನಗರ, ಮೈಸೂರು

ಪ್ರಿವಿಲೆಜ್ಡ್ ಬೇಡ ಸರ್. ಹೋಸ್ಟ್‌ದು ಒಳಗೆ ಬರದೇ ಇರೋದು ದೋಷ ಅಲ್ಲ, ಕರ್ನಲ್ ಇರೋದೇ ಹಾಗೆ. ಸೋಮ್ಯಾಕ್ಸ್‌ಕಾನ್ ಪ್ರತಿ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೂ (ಕಂಟೇನರ್‌ಗೆ ಕರ್ನಲ್ ಕೊಡೋ ಪ್ರತ್ಯೇಕ ನೆಟ್‌ವರ್ಕ್ ಲೋಕ) ಬೇರೆ. ಹೊಸ ನೇಮ್‌ಸ್ಪೇಸ್ ಹುಟ್ಟುವಾಗ ಹೋಸ್ಟ್ ಕಡೆ ತಿರುಗಿಯೂ ನೋಡದೆ ಕರ್ನಲ್‌ನಲ್ಲೇ ಬರೆದಿರೋ ಡೀಫಾಲ್ಟ್ ಹಿಡಿಯುತ್ತೆ: 5.4ಕ್ಕಿಂತ ಹಿಂದೆ 128, 5.4ರಿಂದ 4096. ಹೊರಗಿನ ಪ್ಯಾಕೆಟ್ ಹೋಸ್ಟ್‌ನಲ್ಲಿ ವಿಳಾಸ ಬದಲಾಗಿ ನೇರ ಕಂಟೇನರ್‌ನ ಸಾಕೆಟ್‌ಗೇ ಹೋಗೋದರಿಂದ ನಿಮ್ಮ 8192 ಈ ದಾರೀಲಿ ಎಲ್ಲೂ ಲೆಕ್ಕಕ್ಕೇ ಬರಲ್ಲ.

ಎಲ್ಲಾ ಸೆಟ್ಟಿಂಗೂ ಹೀಗೇ ಇದ್ದಿದ್ದರೆ ಸುಲಭ ಆಗೋದು. ಟಿಸಿಪಿ_ಆರ್‌ಮೆಮ್, ಟಿಸಿಪಿ_ಡಬ್ಲ್ಯೂಮೆಮ್ (ಕನೆಕ್ಷನ್‌ನ ತಗೊಳ್ಳೋ, ಕಳಿಸೋ ಬಫರ್‌ಗಳ ಗಾತ್ರ) ಎರಡೂ 4.15ರಿಂದ ನೇಮ್‌ಸ್ಪೇಸ್‌ಗೆ ಸೇರಿವೆ. ಆದರೆ ಅವು ಹುಟ್ಟುವಾಗ ಹೋಸ್ಟ್‌ನ ಅಂಕಿಯನ್ನೇ ನಕಲು ಮಾಡಿಕೊಳ್ತವೆ; ಆಮೇಲೆ ಹೋಸ್ಟ್‌ನಲ್ಲಿ ಏನು ಬದಲಿಸಿದರೂ ಓಡ್ತಿರೋ ಕಂಟೇನರ್‌ಗೆ ತಾಕಲ್ಲ. ಇಂಟರ್‌ಫೇಸ್‌ನ ‘ಕಾನ್ಫ್’ ಗುಂಪಿನಲ್ಲಿ ಐಪಿವಿ4ದು ಹೋಸ್ಟ್‌ನಿಂದ ಬರುತ್ತೆ, ಐಪಿವಿ6ದು ಡೀಫಾಲ್ಟ್‌ಗೆ ಹೋಗುತ್ತೆ. ಯಾಕೆ ಹೀಗೆ ಅಂದರೆ ಹಳೇ ನಡವಳಿಕೆ ಕೆಡಿಸಬಾರದು ಅಂತ, ಅಷ್ಟೇ. ಟಿಸಿಪಿ_ಮೆಮ್ (ಟಿಸಿಪಿಗೆಲ್ಲ ಸೇರಿ ಮೆಮೊರಿ ಮಿತಿ) ಮಾತ್ರ ಇಡೀ ಯಂತ್ರಕ್ಕೆ ಒಂದೇ.

ಈಗ ಮಾಡಬೇಕಾದ್ದು: ಡಾಕರ್ ರನ್‌ಗೆ ‘--ಸಿಸ್‌ಸಿಟಿಎಲ್ ನೆಟ್.ಕೋರ್.ಸೋಮ್ಯಾಕ್ಸ್‌ಕಾನ್=4096’ ಸೇರಿಸಿ (ಸಿಸ್‌ಸಿಟಿಎಲ್ ಅಂದರೆ ಕರ್ನಲ್ ಸೆಟ್ಟಿಂಗ್). ಕಂಪೋಸ್ (ಕಂಟೇನರ್‌ಗಳ ವಿವರ ಒಂದು ಫೈಲಲ್ಲಿ ಬರೆದು ಓಡಿಸೋ ಸಾಧನ) ಬಳಸ್ತಿದ್ದರೆ ಆ ಸರ್ವಿಸ್‌ನ ಕೆಳಗೆ ‘ಸಿಸ್‌ಸಿಟಿಎಲ್ಸ್’ ಅಂತ ಹಾಕಿ ಅದೇ ಸಾಲು ಬರೀರಿ. ಡಾಕರ್ ಅಪ್‌ಡೇಟ್‌ನಲ್ಲಿ ಇದು ಆಗಲ್ಲ, ಕಂಟೇನರ್ ತೆಗೆದು ಹೊಸದಾಗಿಯೇ ಮಾಡಬೇಕು. ಡೇಟಾ ವಾಲ್ಯೂಮ್‌ನಲ್ಲಿ (ಕಂಟೇನರ್ ತೆಗೆದರೂ ಉಳಿಯೋ ಜಾಗ) ಇದೆಯಾ ಅಂತ ಮೊದಲು ನೋಡಿಕೊಳ್ಳಿ!

ಉತ್ತರ – ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಬದಲಿಸೋಕೆ ಮುಂಚೆ ಅಳೀರಿ. ಡಾಕರ್ ಇನ್‌ಸ್ಪೆಕ್ಟ್‌ನಲ್ಲಿ ಕಂಟೇನರ್‌ನ ಪಿಐಡಿ (ಪ್ರೋಸೆಸ್ ನಂಬರ್) ಸಿಗುತ್ತೆ. ‘ಎನ್‌ಎಸ್‌ಎಂಟರ್ -ಟಿ’ ಮುಂದೆ ಆ ಪಿಐಡಿ, ಆಮೇಲೆ ‘-ಎನ್’ ಹಾಕಿದರೆ ಹೋಸ್ಟ್‌ನ ಕಮಾಂಡ್‌ಗಳೇ ಕಂಟೇನರ್‌ನ ನೆಟ್‌ವರ್ಕ್ ನೋಡ್ತವೆ, ಇಮೇಜ್ ಒಳಗೆ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅಲ್ಲಿ ‘ಎಸ್‌ಎಸ್ -ಎಲ್‌ಟಿಎನ್’ ಓಡಿಸಿ. ಲಿಸನ್ ಸಾಕೆಟ್‌ನ ಸಾಲಿನಲ್ಲಿ ಸೆಂಡ್-ಕ್ಯೂ ಅಂದರೆ ಸರದಿಯ ಗರಿಷ್ಠ ಉದ್ದ, ರೀಸೀವ್-ಕ್ಯೂ ಅಂದರೆ ಈಗ ಕಾಯ್ತಿರೋವು. ಜೊತೆಗೆ ‘ಎನ್‌ಸ್ಟ್ಯಾಟ್ -ಎಝಡ್’ನಲ್ಲಿ ಲಿಸನ್‌ಓವರ್‌ಫ್ಲೋಸ್ (ಸರದಿ ತುಂಬಿ ಹೋದ ಸಲಗಳ ಲೆಕ್ಕ) ಬೆಳಗಿನ ಹೊತ್ತು ಏರ್ತಾ ಇದ್ದರೆ ರೋಗ ಇದೇ. ಏರದೇ ಇದ್ದರೆ ಸೋಮ್ಯಾಕ್ಸ್‌ಕಾನ್ ಮುಟ್ಟಿ ಪ್ರಯೋಜನ ಇಲ್ಲ.

ಸರದಿ ತುಂಬಿದಾಗ ‘ರೆಫ್ಯೂಸ್ಡ್’ ಬರದೆ ಟೈಮ್‌ಔಟ್ ಬರೋದಕ್ಕೂ ಕಾರಣ ಇದೆ. ಕರ್ನಲ್ ಆ ಪ್ಯಾಕೆಟ್‌ನ ಸದ್ದಿಲ್ಲದೆ ಬೀಳಿಸುತ್ತೆ. ಆ ಕಡೆಯವರು 1 ಸೆಕೆಂಡ್, ಆಮೇಲೆ 2, ಆಮೇಲೆ 4 ಅಂತ ಕಾದು ಮತ್ತೆ ಕಳಿಸ್ತಾ ಇರ್ತಾರೆ.

ಇನ್ನೊಂದು: ನಿಜವಾದ ಉದ್ದ ಪ್ರೋಗ್ರಾಂ ಕೇಳಿದ ಬ್ಯಾಕ್‌ಲಾಗ್ (ಸರದಿಯ ಉದ್ದ), ಸೋಮ್ಯಾಕ್ಸ್‌ಕಾನ್ ಎರಡರಲ್ಲಿ ಚಿಕ್ಕದು. ಎಂಜಿನ್‌ಎಕ್ಸ್ (ವೆಬ್ ಸರ್ವರ್), ರೆಡಿಸ್ (ಡೇಟಾ ಸರ್ವರ್) ಎರಡೂ ತಾವಾಗಿ ಕೇಳೋದು 511. ಎಂಜಿನ್‌ಎಕ್ಸ್‌ನ ಲಿಸನ್ ಸಾಲಿಗೆ ‘ಬ್ಯಾಕ್‌ಲಾಗ್=4096’ ಹಾಕದಿದ್ದರೆ ಕರ್ನಲ್‌ನಲ್ಲಿ ಎಷ್ಟೇ ಏರಿಸಿದರೂ 511ಕ್ಕೇ ನಿಲ್ಲುತ್ತೆ.

ಪ್ರಶ್ನೆ ಕೇಳಿದವರು

ಅಳೆದೆವು ಸರ್, ಓವರ್‌ಫ್ಲೋ ಏರ್ತಾ ಇದೆ. ಹಾಗಾದರೆ ಎನ್‌ಎಸ್‌ಎಂಟರ್‌ನಲ್ಲೇ ಸಿಸ್‌ಸಿಟಿಎಲ್ ಬದಲಿಸಿ ಕಂಟೇನರ್ ರೀಸ್ಟಾರ್ಟ್ ಮಾಡಿದರೆ ಸಾಕಲ್ಲವಾ?

ಉತ್ತರ – ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು

ಸಾಕಾಗಲ್ಲ. ಸೋಮ್ಯಾಕ್ಸ್‌ಕಾನ್ ಲೆಕ್ಕಕ್ಕೆ ಬರೋದು ಪ್ರೋಗ್ರಾಂ ಲಿಸನ್ ಮಾಡೋ ಕ್ಷಣದಲ್ಲಿ, ಅಂದರೆ ಅದನ್ನ ಮತ್ತೆ ಶುರು ಮಾಡಬೇಕು. ಕಂಟೇನರ್ ರೀಸ್ಟಾರ್ಟ್ ಮಾಡಿದರೆ ನೇಮ್‌ಸ್ಪೇಸೇ ಹೊಸದಾಗಿ ಹುಟ್ಟಿ ಮತ್ತೆ 128. ಕೀಪ್‌ಅಲೈವ್, ಲೋಕಲ್ ಪೋರ್ಟ್ ರೇಂಜ್ ಥರದ್ದಕ್ಕೆ ಎನ್‌ಎಸ್‌ಎಂಟರ್ ಸರಿ, ಹೊಸ ಕನೆಕ್ಷನ್‌ಗಳು ತಕ್ಷಣ ಅದನ್ನೇ ಹಿಡೀತವೆ. ನಿಮ್ಮದಕ್ಕೆ ಕಂಪೋಸ್ ಫೈಲೇ ಗತಿ.

ಉತ್ತರ – ಬೋಗಾದಿ, ಮೈಸೂರು

ಒಂದು ಸಮಸ್ಯೆ ಹೋದ ಮೇಲೆ ಎದ್ದು ನಿಲ್ಲೋದು ಸಾಮಾನ್ಯವಾಗಿ ಕಾನ್‌ಟ್ರ್ಯಾಕ್, ಅಂದರೆ ಕರ್ನಲ್ ಕನೆಕ್ಷನ್‌ಗಳನ್ನ ನೆನಪಿಡೋ ಟೇಬಲ್. ಅದರ ಮಿತಿ ಎನ್‌ಎಫ್_ಕಾನ್‌ಟ್ರ್ಯಾಕ್_ಮ್ಯಾಕ್ಸ್ ಅನ್ನು ಮಾಮೂಲಿ ಕಂಟೇನರ್ ಒಳಗಿಂದ ಬದಲಿಸೋಕಾಗಲ್ಲ, ಬದಲಿಸಬೇಕಾದ್ದೂ ಅಲ್ಲಿ ಅಲ್ಲ: ಬ್ರಿಜ್ ನೆಟ್‌ವರ್ಕ್‌ನಲ್ಲಿ (ಡಾಕರ್‌ನ ಮಾಮೂಲಿ ನೆಟ್‌ವರ್ಕ್) ವಿಳಾಸ ಬದಲಾಗೋದು ಹೋಸ್ಟ್‌ನಲ್ಲಿ, ತುಂಬೋ ಟೇಬಲ್ಲೂ ಅಲ್ಲಿಯದೇ. ಡಿಮೆಸೇಜ್‌ನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ‘ಟೇಬಲ್ ಫುಲ್, ಡ್ರಾಪಿಂಗ್ ಪ್ಯಾಕೆಟ್’ ಅಂತ ಬಂದರೆ ಹೋಸ್ಟ್‌ನಲ್ಲೇ ಏರಿಸಿ. ಸ್ಥಾಪನೆಯಾದ ಕನೆಕ್ಷನ್‌ನ ನೆನಪು ಅದು ಇಟ್ಟುಕೊಳ್ಳೋ ಅವಧಿ ಡೀಫಾಲ್ಟಾಗಿ 4,32,000 ಸೆಕೆಂಡ್, ಅಂದರೆ 5 ದಿನ. ಹಳ್ಳಿಗಳಲ್ಲಿ ಕರೆಂಟ್ ಹೋಗಿ ಮೆಷಿನ್ ದಿಢೀರ್ ಆಫ್ ಆದರೆ ಆ ಸಾಲುಗಳು ಸುಮ್ಮನೆ ಕೂತಿರ್ತವೆ. 86,400 ಮಾಡಿ, ಒಂದು ದಿನ ಧಾರಾಳ.

ಒಂದೇ ಯಂತ್ರದಲ್ಲಿ ನೂರಾರು ಕಂಟೇನರ್ ಇಟ್ಟವರಿಗೆ ಜಿಸಿ_ಥ್ರೆಶ್3 ಕೂಡ ಹೀಗೇ ಕಾಡುತ್ತೆ. ಎಆರ್‌ಪಿ ಟೇಬಲ್ (ಯಾವ ಐಪಿಗೆ ಯಾವ ಹಾರ್ಡ್‌ವೇರ್ ವಿಳಾಸ ಅನ್ನೋ ಪಟ್ಟಿ) ಎಲ್ಲಾ ನೇಮ್‌ಸ್ಪೇಸ್‌ಗೂ ಸೇರಿ ಒಂದೇ, ಅದರ ಮಿತಿಯೇ ಇದು, ಡೀಫಾಲ್ಟ್ 1024. ನಿಮಗೆ ಈಗ ಬೇಡ.

ಪ್ರಿವಿಲೆಜ್ಡ್ ವಿಚಾರಕ್ಕೆ: 5.12.2ಕ್ಕಿಂತ ಹಿಂದಿನ ಕರ್ನಲ್‌ನಲ್ಲಿ ಕಾನ್‌ಟ್ರ್ಯಾಕ್‌ನ ಈ ಮಿತಿಯನ್ನ ಯಾವ ನೇಮ್‌ಸ್ಪೇಸ್‌ನಲ್ಲಿ ಬರೆದರೂ ಎಲ್ಲದಕ್ಕೂ ಸೋರುತ್ತಿತ್ತು. ಸಿವಿಇ-2021-38209 ಅನ್ನೋ ಭದ್ರತಾ ದೋಷ ಅಂದರೆ ಅದೇ. ಡಿಸ್ಟ್ರೋದವರು (ಲಿನಕ್ಸ್ ಕಟ್ಟಿ ಹಂಚೋರು) ಸರಿಪಡಿಸಿದ್ದನ್ನ ಹಳೇ ಕರ್ನಲ್‌ಗೂ ಹಾಕಿರಬಹುದು, ನಿಮ್ಮದರಲ್ಲಿ ಇದೆಯಾ ನೋಡಿ. ಇಲ್ಲದ ಕಡೆ ಪ್ರಿವಿಲೆಜ್ಡ್ ಕೊಟ್ಟರೆ ಪಕ್ಕದ ಕಂಟೇನರ್‌ಗೂ ಪೆಟ್ಟು.

ಉತ್ತರ – ಮದ್ದೂರು

ಮುಂದೆ ಕುಬರ್ನೆಟೀಸ್‌ಗೆ (ಹಲವು ಯಂತ್ರಗಳಲ್ಲಿ ಕಂಟೇನರ್ ನೋಡಿಕೊಳ್ಳೋ ವ್ಯವಸ್ಥೆ) ಹೋಗೋ ಯೋಚನೆ ಇದ್ದರೆ: ಅಲ್ಲಿ ಸಿಸ್‌ಸಿಟಿಎಲ್ ಬರೆಯೋದು ಪಾಡ್‌ನ (ಒಟ್ಟಿಗೆ ಓಡೋ ಕಂಟೇನರ್‌ಗಳ ಗುಂಪು) ಸೆಕ್ಯುರಿಟಿ ಕಾಂಟೆಕ್ಸ್ಟ್‌ನಲ್ಲಿ, ಒಂದೊಂದು ಕಂಟೇನರ್‌ಗೆ ಅಲ್ಲ, ಪಾಡ್ ಒಳಗಿನವೆಲ್ಲ ಒಂದೇ ನೆಟ್‌ವರ್ಕ್ ನೇಮ್‌ಸ್ಪೇಸ್. ಸೋಮ್ಯಾಕ್ಸ್‌ಕಾನ್ ‘ಅನ್‌ಸೇಫ್’ ಪಟ್ಟಿಯಲ್ಲಿದೆ. ನೋಡ್‌ನ ಕ್ಯೂಬ್‌ಲೆಟ್‌ನಲ್ಲಿ (ಪ್ರತಿ ಯಂತ್ರದಲ್ಲೂ ಓಡೋ ಅದರ ಏಜೆಂಟ್) ಅನುಮತಿ ಕೊಡದಿದ್ದರೆ ಪಾಡ್ ‘ಸಿಸ್‌ಸಿಟಿಎಲ್‌ಫರ್ಬಿಡನ್’ ಅಂತ ನಿಂತುಹೋಗುತ್ತೆ.

ಪ್ರಶ್ನೆ ಕೇಳಿದವರು

ಕೊನೇದೊಂದು. ನೆಟ್‌ವರ್ಕ್ ‘ಹೋಸ್ಟ್’ ಅಂತ ಹಾಕಿದರೆ ಇಷ್ಟೆಲ್ಲಾ ಬೇಕಾ?

ಉತ್ತರ – ಕುವೆಂಪುನಗರ, ಮೈಸೂರು

ಬೇಡ, ಆಗ ಹೋಸ್ಟ್‌ನ 8192 ನೇರ ಸಿಗುತ್ತೆ. ‘--ಸಿಸ್‌ಸಿಟಿಎಲ್ ನೆಟ್’ ಸಾಲುಗಳನ್ನ ಡಾಕರ್ ಒಪ್ಪಲ್ಲ, ತೆಗೆದುಬಿಡಿ. ಆದರೆ ಪೋರ್ಟ್ ಎಲ್ಲಾ ಬಯಲಿಗೆ ಬರ್ತವೆ; ಡೇಟಾಬೇಸ್ ಅದೇ ಯಂತ್ರದಲ್ಲಿದ್ದರೆ ಮೊದಲು ಫೈರ್‌ವಾಲ್ ನೋಡಿ.