ಉಚಿತ ಸಾಲ ಸಲಹಾ ಕೇಂದ್ರದ ಅನುದಾನವನ್ನು ಕೌನ್ಸಿಲ್ ನಿಲ್ಲಿಸಬಹುದೇ?

ಪ್ರಶ್ನೆ

ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಕೌನ್ಸಿಲ್, ಸಾಲ ಮತ್ತು ಸರ್ಕಾರಿ ಬೆನಿಫಿಟ್‌ಗಳ ಬಗ್ಗೆ ಉಚಿತ ಸಲಹೆ ನೀಡುವ ಸ್ಥಳೀಯ ಸಂಸ್ಥೆಯ ಅನುದಾನವನ್ನು ಮುಂದಿನ ಬಜೆಟ್ಟಿನಲ್ಲಿ ಪೂರ್ತಿ ಕೈಬಿಡುವ ಪ್ರಸ್ತಾವವನ್ನು ಮುಂದಿಟ್ಟಿದೆ. ಸಾಲ ಸಲಹೆಗೆ ರಾಷ್ಟ್ರಮಟ್ಟದಲ್ಲಿ ಬೇರೆ ಹಣ ಬರುತ್ತದೆ, ಫೋನಿನಲ್ಲೂ ಸೇವೆ ಸಿಗುತ್ತದೆ, ಹೀಗಾಗಿ ಯಾರಿಗೂ ತೊಂದರೆಯಾಗದು ಎಂಬುದು ಅವರ ಸಮರ್ಥನೆ. ಈ ಅನುದಾನ ಕಾನೂನಿನ ಪ್ರಕಾರ ಕಡ್ಡಾಯವೇ? ಸಮರ್ಥನೆಯಲ್ಲಿ ಹುರುಳಿದೆಯೇ? ಸಾರ್ವಜನಿಕ ಅಭಿಪ್ರಾಯ ಸಂಗ್ರಹ ಇನ್ನೂ ಮುಗಿದಿಲ್ಲವಾದ್ದರಿಂದ ಏನು ಬರೆದರೆ ಪ್ರಯೋಜನವಾದೀತು ಎಂಬುದನ್ನು ತಿಳಿದವರು ಹೇಳಬೇಕೆಂದು ವಿನಂತಿ. ವೀಸಾದ ಮೇಲಿರುವ ನಮ್ಮವರು ಕೆಲವರು ಇಂಥ ಕೇಂದ್ರದ ಮೆಟ್ಟಿಲು ಹತ್ತಲು ಹೆದರುತ್ತಾರೆ. ಆ ಹೆದರಿಕೆಗೆ ಕಾರಣವಿದೆಯೇ ಎಂಬುದನ್ನೂ ತಿಳಿಸಿ.

ಉತ್ತರ 1

ಕಡ್ಡಾಯವಲ್ಲ. ಜನರಿಗೆ ಅವರ ಹಕ್ಕು ಮತ್ತು ಹೊಣೆಗಳ ಕುರಿತು ಸಲಹೆ ನೀಡುವ ಸ್ವಯಂಸೇವಾ ಸಂಸ್ಥೆಗಳಿಗೆ ನೆರವಾಗುವ ಅಧಿಕಾರವನ್ನು 1972ರ ಸ್ಥಳೀಯ ಆಡಳಿತ ಕಾಯ್ದೆಯ 142ನೇ ಸೆಕ್ಷನ್ ಕೌನ್ಸಿಲ್‌ಗೆ ಕೊಟ್ಟಿದೆ, ಆದರೆ ನೆರವಾಗಲೇಬೇಕೆಂದು ಎಲ್ಲೂ ಕಟ್ಟುಪಾಡು ವಿಧಿಸಿಲ್ಲ. ಹಾಗೆಂದು ಮನಬಂದಂತೆ ನಿಲ್ಲಿಸಲೂ ಬರುವುದಿಲ್ಲ. ಅಂಗವಿಕಲರು, ವೃದ್ಧರು ಮೊದಲಾದವರ ಮೇಲೆ ಆಗುವ ಪರಿಣಾಮವನ್ನು ನಿರ್ಧಾರಕ್ಕೆ ಮೊದಲೇ ಪರಿಶೀಲಿಸಬೇಕೆಂಬುದು 2010ರ ಸಮಾನತಾ ಕಾಯ್ದೆಯ 149ನೇ ಸೆಕ್ಷನ್ನಿನ ಸಾರ. ಜೊತೆಗೆ, ವಸತಿಯ ಹೊಣೆ ಹೊತ್ತ ಕೌನ್ಸಿಲ್ ತನ್ನ ವ್ಯಾಪ್ತಿಯ ಜನ ಮನೆ ಕಳೆದುಕೊಳ್ಳದಂತೆ ತಡೆಯುವ ಉಚಿತ ಸಲಹೆಯನ್ನು ಒದಗಿಸಲೇಬೇಕು. ಬಾಡಿಗೆ ಬಾಕಿಯ ಸಲಹೆ ಈಗ ಯಾರ ಕೈಯಲ್ಲಿದೆ, ಕೇಂದ್ರ ಮುಚ್ಚಿದ ಮೇಲೆ ಅದನ್ನು ಯಾರು ಮಾಡುತ್ತಾರೆ ಎಂದು ಕೇಳಿ.

ಉತ್ತರ 2

ಇಂಥದೊಂದು ಕೇಂದ್ರದಲ್ಲಿ ಸ್ವಯಂಸೇವಕನಾಗಿರುವುದರಿಂದ ಆ ಸಮರ್ಥನೆಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅದು ಅರ್ಧ ಮಾತ್ರ ನಿಜ. ಹಣಕಾಸು ಸಂಸ್ಥೆಗಳಿಂದ ಸಂಗ್ರಹಿಸುವ ಸುಂಕದ ಹಣ ಮನಿ ಆ್ಯಂಡ್ ಪೆನ್ಷನ್ಸ್ ಸರ್ವೀಸ್ ಎಂಬ ಸರ್ಕಾರಿ ಸಂಸ್ಥೆಯ ಮೂಲಕ ಇಂಗ್ಲೆಂಡಿನ ಸಾಲ ಸಲಹೆಗೆ ಬರುತ್ತದೆ. ಬೆನಿಫಿಟ್ ಸಲಹೆಗೆ ಅಂಥ ಆಸರೆ ಇಲ್ಲ. 2013ರ ಏಪ್ರಿಲ್‌ವರೆಗೆ ಅದಕ್ಕೆ ಸರ್ಕಾರದ ಕಾನೂನು ನೆರವಿನ ಹಣ ಸಿಗುತ್ತಿತ್ತು. ಕಾನೂನು ನೆರವನ್ನು ಕಡಿತಗೊಳಿಸಿದ 2012ರ ಕಾಯ್ದೆ ಜಾರಿಯಾದ ಮೇಲೆ ಬಹುಪಾಲು ನಿಂತಿತು. ಕಡಿಮೆ ಆದಾಯದವರಿಗೆ ಸಿಗುವ ಬೆನಿಫಿಟ್ ಆದ ಯೂನಿವರ್ಸಲ್ ಕ್ರೆಡಿಟ್‌ಗೆ ಹೊಸದಾಗಿ ಅರ್ಜಿ ಹಾಕುವವರಿಗೆ ಮೊದಲ ಪಾವತಿ ಸರಿಯಾಗಿ ಬರುವವರೆಗೆ ನೆರವಾಗುವ ಯೋಜನೆಯೊಂದಿದೆ, ಆದರೆ ತಿರಸ್ಕೃತವಾದ ಅಂಗವಿಕಲತೆಯ ಭತ್ಯೆಗಾಗಿ ಮರುಪರಿಶೀಲನೆ ಕೋರುವುದು, ಅಲ್ಲೂ ಸೋತರೆ ನ್ಯಾಯಮಂಡಳಿಗೆ ಕಡತ ಸಿದ್ಧಪಡಿಸುವುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಈ ಕೆಲಸ ನಡೆಯುವುದು ಹೆಚ್ಚಾಗಿ ಕೌನ್ಸಿಲ್ ಹಣದಲ್ಲಿ.

ಸಾಲವನ್ನೂ ಬೆನಿಫಿಟ್ಟನ್ನೂ ಬಿಡಿಸಿ ನೋಡಲು ಬಾರದು ಎಂಬುದು ಮೇಜಿನ ಮುಂದೆ ಕೂತವರಿಗೆ ಗೊತ್ತು. ಅಂಗಡಿಯ ಕೈಚೀಲದ ತುಂಬ ಒಡೆಯದ ಲಕೋಟೆಗಳನ್ನು ತಂದು ಸುರಿಯುವವರಿದ್ದಾರೆ. ಒಂದೊಂದಾಗಿ ಒಡೆದು, ಬಾಡಿಗೆ, ವಿದ್ಯುತ್, ಕೌನ್ಸಿಲ್ ತೆರಿಗೆ, ಕಾರ್ಡ್ ಎಂದು ಬೇರೆ ಬೇರೆ ರಾಶಿ ಮಾಡುವಾಗ, ತಿಂಗಳೊಳಗೆ ಉತ್ತರಿಸಬೇಕಿದ್ದ ಬೆನಿಫಿಟ್ ತಿರಸ್ಕಾರದ ಪತ್ರ ಅಡಿಯಲ್ಲೆಲ್ಲೋ ಸಿಗುತ್ತದೆ. ಸಾಲ ಶುರುವಾದದ್ದೇ ಅಲ್ಲಿಂದ. ಫೋನಿನಾಚೆಯ ಸಲಹೆಗಾರನಿಗೆ ಆ ಚೀಲ ಕಾಣುವುದಿಲ್ಲ.

2021ರ ಮೇ ತಿಂಗಳಲ್ಲಿ ಬಂದ ಬ್ರೀದಿಂಗ್ ಸ್ಪೇಸ್ ಯೋಜನೆಯಡಿ 60 ದಿನಗಳ ಕಾಲ ಸಾಲಗಾರನ ಮೇಲಿನ ಬಡ್ಡಿ, ದಂಡ ಮತ್ತು ವಸೂಲಾತಿಯನ್ನು ಬಹುಮಟ್ಟಿಗೆ ತಡೆಯಬಹುದು. ಅದನ್ನು ಕೊಡಿಸುವ ಅಧಿಕಾರ ಮಾನ್ಯತೆ ಪಡೆದ ಸಾಲ ಸಲಹಾ ಸಂಸ್ಥೆಗೆ ಅಥವಾ ಕೌನ್ಸಿಲ್‌ಗೆ ಮಾತ್ರ ಇದೆ. 50,000 ಪೌಂಡ್‌ವರೆಗಿನ ಸಾಲಕ್ಕೆ ಸಿಗುವ, ತೀರಿಸಲಾಗದವರ ಸಾಲ ಮನ್ನಾ ಮಾಡುವ ಡೆಟ್ ರಿಲೀಫ್ ಆರ್ಡರ್‌ಗೂ ಅಷ್ಟೇ, ಶುಲ್ಕ 2024ರಲ್ಲಿ ರದ್ದಾಗಿದ್ದರೂ ಅರ್ಜಿಯನ್ನು ಮಾನ್ಯತೆ ಪಡೆದ ಮಧ್ಯವರ್ತಿಯ ಮೂಲಕವೇ ಸಲ್ಲಿಸಬೇಕು.

ಉತ್ತರ 3

ಕೌನ್ಸಿಲ್‌ಗಳ ಕಡೆಯದನ್ನೂ ಒಂದು ಮಾತು ಹೇಳಬೇಕು. 2023ರಲ್ಲಿ ಬರ್ಮಿಂಗ್‌ಹ್ಯಾಮ್, ವೋಕಿಂಗ್ ಮತ್ತು ನಾಟಿಂಗ್‌ಹ್ಯಾಮ್ ಕೌನ್ಸಿಲ್‌ಗಳು ಲೆಕ್ಕ ಸರಿದೂಗಿಸಲಾಗದೆ ಹೊಸ ಖರ್ಚನ್ನು ತಡೆಹಿಡಿಯುವ 114ನೇ ಸೆಕ್ಷನ್ನಿನ ನೋಟಿಸ್ ಹೊರಡಿಸಿದವು. ವೃದ್ಧರ ಆರೈಕೆ ಮತ್ತು ಮಕ್ಕಳ ರಕ್ಷಣೆಗೆ ಕೈಹಾಕುವಂತಿಲ್ಲದಿರುವಾಗ ಕತ್ತರಿ ಬೇರೆ ಎಲ್ಲಿ ಬೀಳಬೇಕು? ಒಳ್ಳೆಯ ಕೆಲಸ ಎಂದ ಮಾತ್ರಕ್ಕೆ ಹಣ ಹುಟ್ಟುವುದಿಲ್ಲ.

ಉತ್ತರ 4

ಹಣ ಹುಟ್ಟುವುದಿಲ್ಲ, ನಿಜ. ಆದರೆ ಇಲ್ಲಿ ಹೊರಗಿನಿಂದ ಬರುತ್ತದೆ, ಅಭಿಪ್ರಾಯ ಪತ್ರದಲ್ಲಿ ಒತ್ತಿ ಹೇಳಬೇಕಾದದ್ದು ಇದನ್ನೇ. ಯೂನಿವರ್ಸಲ್ ಕ್ರೆಡಿಟ್ ಮತ್ತು ಅಂಗವಿಕಲತೆಯ ಭತ್ಯೆಗಳನ್ನು ಕೊಡುವುದು ಕೇಂದ್ರ ಸರ್ಕಾರ. ಸಲಹೆಯಿಂದ ಒಂದು ಕುಟುಂಬಕ್ಕೆ ಸಿಕ್ಕ ಬಾಕಿ ಹಣದ ಒಂದಿಷ್ಟು ಪಾಲು ಬಾಡಿಗೆಯಾಗಿ, ಕೌನ್ಸಿಲ್ ತೆರಿಗೆಯಾಗಿ ಊರಿನಲ್ಲೇ ಪಾವತಿಯಾಗುತ್ತದೆ. ಇನ್ನೊಂದು ಕಡೆ, ಸಾಲ ಕೊಟ್ಟವರ ಪಟ್ಟಿಯಲ್ಲಿ ಹಲವು ಬಾರಿ ಕೌನ್ಸಿಲ್ಲೇ ಇರುತ್ತದೆ. ತೆರಿಗೆಯ ಕಂತು ತಪ್ಪಿ, ಜ್ಞಾಪನಾ ಪತ್ರಕ್ಕೂ ಹಣ ಕಟ್ಟದಿದ್ದರೆ ಇಡೀ ವರ್ಷದ ಮೊತ್ತವನ್ನು ಒಟ್ಟಿಗೆ ಕೇಳಬಹುದು. ಪ್ರಕರಣ ಜಪ್ತಿ ಏಜೆಂಟರ ಕೈಗೆ ಹೋದರೆ ಅವರ ಶುಲ್ಕವೂ ಸೇರುತ್ತದೆ, 2014ರಲ್ಲಿ ನಿಗದಿಯಾದಾಗ ಅದು ಮೊದಲಿಗೆ 75 ಪೌಂಡ್, ಮನೆ ಬಾಗಿಲಿಗೆ ಬಂದರೆ ಮತ್ತೆ 235 ಪೌಂಡ್ ಇತ್ತು. ಕೌನ್ಸಿಲ್‌ನ ಅನುದಾನ ಪಡೆಯುವ ಸಲಹೆಗಾರ ಮೊದಲು ಬರೆಯುವ ಪತ್ರ ಅದೇ ಕೌನ್ಸಿಲ್‌ನ ತೆರಿಗೆ ವಿಭಾಗಕ್ಕಾಗಿರುವುದೂ ಉಂಟು. ಕೆಲವು ಅಧಿಕಾರಿಗಳಿಗೆ ಇದು ಇರಿಸುಮುರಿಸು ತಂದರೆ ಅಚ್ಚರಿಯಿಲ್ಲ.

ವೀಸಾದ ವಿಚಾರ: ವಲಸೆ ನಿಯಮಗಳು ಸಾರ್ವಜನಿಕ ನಿಧಿ ಎಂದು ಪಟ್ಟಿ ಮಾಡಿರುವ ಬೆನಿಫಿಟ್‌ಗಳಲ್ಲಿ ಉಚಿತ ಸಲಹೆ ಇಲ್ಲ, ಆದ್ದರಿಂದ ಕೇಂದ್ರಕ್ಕೆ ಹೋದುದರಿಂದ ವೀಸಾಕ್ಕೆ ಧಕ್ಕೆಯಿಲ್ಲ. ಒಬ್ಬರೇ ವಾಸಿಸುವವರಿಗೆ ಸಿಗುವ ಶೇಕಡಾ 25ರ ತೆರಿಗೆ ರಿಯಾಯಿತಿಯೂ ಆ ಪಟ್ಟಿಯಲ್ಲಿಲ್ಲ. ಕಡಿಮೆ ಆದಾಯದ ಆಧಾರದಲ್ಲಿ ಸಿಗುವ ತೆರಿಗೆ ಕಡಿತ ಮಾತ್ರ ಇದೆ. ಎರಡಕ್ಕೂ ಹೆಸರು ಹತ್ತಿರ ಹತ್ತಿರ ಇರುವುದರಿಂದ ಅರ್ಜಿ ಹಾಕುವ ಮೊದಲು ಸಲಹೆಗಾರರನ್ನು ಕೇಳುವುದು ಕ್ಷೇಮ.

ಕೌನ್ಸಿಲ್ ತೆರಿಗೆಯನ್ನು ಮಾರ್ಚ್ 11ರೊಳಗೆ ನಿಗದಿಪಡಿಸಬೇಕಾದ್ದರಿಂದ ನಿಮ್ಮ ಪತ್ರ ಅದಕ್ಕೆ ಸಾಕಷ್ಟು ಮೊದಲೇ ವಾರ್ಡಿನ ಸದಸ್ಯರಿಗೂ ತಲುಪಲಿ.