‘ಬಾಲ್ಯದ ಆಘಾತ’ ನಮ್ಮ ಕಡೆ ಯಾರಿಗೆ ತಿಳಿಯುತ್ತದೆ?

ಬಲ್ಲವರಿಗೆ ನಮಸ್ಕಾರ.

ಸಣ್ಣವರಿದ್ದಾಗ ಪಟ್ಟ ಕಷ್ಟಗಳ ಬಗ್ಗೆ ದೊಡ್ಡವರನ್ನು ಕೇಳುವ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹತ್ತು ಪ್ರಶ್ನೆ, ‘ಹೌದು’ ಅಂದದ್ದಕ್ಕೆ ಒಂದೊಂದು ಅಂಕ. ಬೇರು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿದೆ. ಹೊಡೆತ, ಬೈಗುಳ, ಮನೆಯೊಳಗಿನ ಕುಡಿತ ಇಂಥವು ಹೆಚ್ಚಿದ್ದಷ್ಟೂ ಮುಂದೆ ಹೃದ್ರೋಗ, ಖಿನ್ನತೆ ಹೆಚ್ಚು ಕಂಡವು ಎಂದು ವೈದ್ಯರಾದ ಫೆಲಿಟಿ, ಆಂಡಾ ಮತ್ತು ಸಂಗಡಿಗರು 1998ರಲ್ಲಿ ಬರೆದರು.

ಇಂಗ್ಲಿಷಿನ ‘ಚೈಲ್ಡ್‌ಹುಡ್ ಟ್ರಾಮಾ’ಕ್ಕೆ ನಾನು ‘ಬಾಲ್ಯದ ಆಘಾತ’ ಎಂದು ಹಾಕಿದ್ದೆ. ಕೊಪ್ಪಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಓದಿ ಹೇಳಿದರೆ, ಐವತ್ತರ ಆಸುಪಾಸಿನ ಒಬ್ಬಾಕೆ ಎದೆ ಮುಟ್ಟಿಕೊಂಡು, “ಇಲ್ರೀ ಯಪ್ಪಾ, ನನಗ ಹಾರ್ಟಿಂದೇನೂ ಇಲ್ಲ” ಅಂದರು. ಹೃದಯಾಘಾತ ಬಿಟ್ಟರೆ ಆ ಪದ ಅವರ ಕಿವಿಗೆ ಬಿದ್ದೇ ಇಲ್ಲ. ‘ಟ್ರಾಮಾ’ ಅಂತಲೇ ಇಡೋಣವೆಂದರೆ ಅದು ಆ್ಯಕ್ಸಿಡೆಂಟ್ ಆದವರನ್ನು ಒಯ್ಯುವ ಸೆಂಟರು.

‘ಹೊಡೆತ’ ಹತ್ತಿರ ಬರುತ್ತದೆ. ಬೆಳೆಗೂ ಹೊಡೆತ ಬೀಳುತ್ತದೆ, ಮನಸ್ಸಿಗೂ. ಆದರೆ ಹತ್ತರಲ್ಲಿ ಒಂದು ಪ್ರಶ್ನೆ ನಿಜವಾದ ಹೊಡೆತದ್ದೇ ಇದೆಯಲ್ಲ, ಇಡೀ ಪಟ್ಟಿಗೂ ಅದೇ ಹೆಸರಿಟ್ಟರೆ ಗೊಂದಲ. ‘ಪೆಟ್ಟು’ ಪದಕ್ಕೂ ಇದೇ ತೊಡಕು. ನನ್ನ ಒಲವು ‘ಮನಸ್ಸಿನ ಗಾಯ’ದ ಕಡೆ. ಗ್ರೀಕಿನ ಟ್ರಾಮಾಕ್ಕೂ ಅರ್ಥ ಗಾಯವೇ. ಮೇಲಾಗಿ ಗಾಯದ ಜೊತೆ ‘ಮಾಯುವುದು’ ಎಂಬ ಕ್ರಿಯಾಪದ ತಾನಾಗಿ ಬರುತ್ತದೆ.

ಇದಕ್ಕಿಂತ ಕಠಿಣವಾದದ್ದು ‘ಮನೆ’. 18 ತುಂಬುವ ಮೊದಲು ನಿಮ್ಮ ಮನೆಯಲ್ಲಿ ಕುಡಿಯುವವರಿದ್ದರೇ ಎಂದರೆ, “ಯಾವ ಮನಿ? ತವರಮನ್ಯೋ, ಗಂಡನ ಮನ್ಯೋ?” ಅಂತ ಮರುಪ್ರಶ್ನೆ. ಹದಿನೈದಕ್ಕೇ ಲಗ್ನವಾದವರು ಕೇಳಬೇಕಾದದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನಾವಳಿಯಲ್ಲಿ ಮದುವೆಯ ವಯಸ್ಸನ್ನೂ ಕೇಳುತ್ತಾರೆ. ಅಮೆರಿಕದ ಹತ್ತರಲ್ಲಿ ಅದಿಲ್ಲ. ಸದ್ಯಕ್ಕೆ ‘ಆಗ ನೀವಿದ್ದ ಮನೆಯಲ್ಲಿ’ ಎಂದು ತಿದ್ದಿದ್ದೇನೆ.

ಹೀಗೆ ಪ್ರಶ್ನೆ ಕೇಳಿ ಕಷ್ಟಪಟ್ಟವರನ್ನು ಗುರುತಿಸುವ ‘ಸ್ಕ್ರೀನಿಂಗ್’ಗೆ ‘ತಪಾಸಣೆ’ ಬೇಡ, ಪೊಲೀಸರು ಡಿಕ್ಕಿ ತೆಗೆಸಿದ ಹಾಗೆ ಕೇಳಿಸುತ್ತದೆ. ‘ರೋಗಪತ್ತೆ’ಯಂತೂ ತಪ್ಪೇ: ಈ ಅಂಕ ನೋಡಿ ಒಬ್ಬೊಬ್ಬರ ಭವಿಷ್ಯ ಅಳೆಯಬೇಡಿ ಎಂದು 2020ರಲ್ಲಿ ಆಂಡಾ ಅವರೇ ಎಚ್ಚರಿಸಿದ್ದಾರೆ. ‘ಕೇಳಿ ತಿಳಿಯುವುದು’ ಉದ್ದವಾಯಿತೇ?

ನಿಮ್ಹಾನ್ಸ್‌ನವರು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಪ್ರಯೋಗ ನಡೆಸಿ, ಅದೇ ಮುಂದೆ ದೇಶಕ್ಕೆ ಮಾದರಿಯಾಯಿತಲ್ಲ. ಆಗ ಊರೂರು ತಿರುಗಿದ ಕಾರ್ಯಕರ್ತೆಯರು ಇಂಥ ಮನಸ್ಸಿನ ಗಾಯಕ್ಕೆ ಏನನ್ನುತ್ತಿದ್ದರು? ಆ ಕಡೆಯವರು ದಯವಿಟ್ಟು ಬರೆಯಿರಿ. ಸಿಂಧನೂರು, ಮಾನ್ವಿ ಕಡೆ ‘ಅಂಜಿಕಿ ಕುಂತೈತಿ’ ಅನ್ನುವುದು ಈ ಅರ್ಥದಲ್ಲಿ ನಡೆಯುತ್ತದೆಯೇ?